ಅಂಕೋಲಾ ಕಡೆ ನಮ್ಮ ಮನೆತನದ ಮೂಲ ಹುಡುಕೂದು ಹೇಗೆ? ಮುತ್ತಜ್ಜನ ಆಚೆ ಏನೂ ಗೊತ್ತಿಲ್ಲ

ಗಂಗಾವಳಿ_ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ಅಂಕೋಲಾ ತಾಲೂಕು, ಗಂಗಾವಳಿ ಹೊಳೆ ದಂಡೆ ಮೇಲಿನ ಒಂದು ಸಣ್ಣ ಊರು. ಅಜ್ಜ ಹರೆಯದಲ್ಲಿ ಘಟ್ಟ ಹತ್ತಿ ಶಿರ್ಸಿ ಕಡೆ ಬಂದವರು, ಅಪ್ಪ ನೌಕರಿ ಅಂತ ಹುಬ್ಬಳ್ಳಿಗೆ ಬಂದ್ರು, ನಾನು ಹುಟ್ಟಿ ಬೆಳೆದದ್ದೆಲ್ಲ ಹುಬ್ಬಳ್ಳೀಲೇ. ಅಜ್ಜ ಹೋದ ಮೇಲೆ ಅವರ ಟ್ರಂಕ್ ತೆಗೆದಾಗ ಒಂದಿಷ್ಟು ಹಳೇ ಕಾಗದ ಸಿಕ್ತು, ಅಲ್ಲಿಂದ ಶುರುವಾದದ್ದು ಈ ಹುಚ್ಚು.

ನಂಗೆ ಗೊತ್ತಿರೋದು ಇಷ್ಟೇ: ಅಜ್ಜನ ಹೆಸರು, ಮುತ್ತಜ್ಜನ ಹೆಸರು, ಊರು. ಮುತ್ತಜ್ಜನಿಗೆ ಅಣ್ತಮ್ಮಂದಿರು ಎಷ್ಟು ಜನ, ಮುತ್ತಜ್ಜಿ ಯಾವ ಊರಿನವಳು, ಒಂದೂ ಗೊತ್ತಿಲ್ಲ. ದೊಡ್ಡಪ್ಪನ ಕೇಳಿದ್ರೆ ನಾವು ಗೋವಾದಿಂದ ಬಂದವರು ಅಂತಾರೆ, ಅತ್ತೆ ಅಲ್ಲವೇ ಅಲ್ಲ ವಿಜಯನಗರ ಬಿದ್ದಾಗ ಬಂದವರು ಅಂತಾರೆ, ಇಬ್ಬರೂ ಒಂದೇ ತಾಯಿ ಮಕ್ಕಳು! ಊರಲ್ಲಿ ಗದ್ದೆ ಇತ್ತಂತೆ, ಸ್ವಂತದ್ದೋ ಗೇಣಿದೋ ಅದೂ ಸ್ಪಷ್ಟ ಇಲ್ಲ.

ಯೂಟ್ಯೂಬಲ್ಲಿ ನೋಡಿದ್ರೆ ಹೊರದೇಶದವರು ಸೆನ್ಸಸ್ ಹಾಳೆ ತೆಗೆದು ಮುತ್ತಜ್ಜ ಯಾವ ಬೀದೀಲಿ ಇದ್ದ, ಏನು ಕೆಲಸ ಮಾಡ್ತಿದ್ದ ಅಂತೆಲ್ಲ ಹತ್ತು ನಿಮಿಷದಲ್ಲಿ ಹೇಳ್ತಾರೆ. ನಮ್ಮಲ್ಲೂ ಹಂಗೆ ಸಿಗುತ್ತಾ? ಒಂದು ಆ್ಯಪ್ ವರ್ಷಕ್ಕೆ ದುಡ್ಡು ಕಟ್ಟಿ ಅಂತಿದೆ, ಕಟ್ಟಬಹುದಾ? ಯಾರಾದ್ರೂ ನಮ್ಮ ಜಿಲ್ಲೇಲಿ ಈ ಕೆಲಸ ಮಾಡಿದವರಿದ್ರೆ ಎಲ್ಲಿಂದ ಶುರು ಮಾಡೂದು ಹೇಳಿ ಪ್ಲೀಸ್.

ಹಳೇ_ದಫ್ತರ:
ಆ್ಯಪಿಗೆ ದುಡ್ಡು ಕಟ್ಟಬೇಡಿ ಮಾರಾಯ್ರೇ. ಅದರಲ್ಲಿ ಇರೂದು ಹೆಚ್ಚಾಗಿ ಅವರ ದೇಶದ ದಾಖಲೆ, ನೀವು ಬರೆದ ಹೆಸರನ್ನೇ ಗೆರೆ ಎಳೆದು ಚಂದ ಮಾಡಿ ವಾಪಸ್ ತೋರಿಸ್ತದೆ ಅಷ್ಟೇ. ಸೆನ್ಸಸ್ ಆಸೆಯೂ ಬಿಡಿ. ಇಂಗ್ಲೆಂಡಲ್ಲಿ ನೂರು ವರ್ಷ ಆದ್ಮೇಲೆ ಬಿಡ್ತಾರೆ, 1921ರದ್ದು 2022ರಲ್ಲಿ ಬಿಟ್ರು, ಆದರೆ ನಮ್ಮಲ್ಲಿ 1948ರ ಸೆನ್ಸಸ್ ಕಾಯ್ದೆ ಪ್ರಕಾರ ಮನೆಮನೆಯ ಹಾಳೆ ಗುಪ್ತ, ಯಾರಿಗೂ ತೋರಿಸೂದಿಲ್ಲ.

ನಮ್ಮ ಕಡೆ ಮನುಷ್ಯನ ಲೆಕ್ಕಕ್ಕಿಂತ ಜಮೀನಿನ ಲೆಕ್ಕ ಗಟ್ಟಿ. ಸರ್ಕಾರಕ್ಕೆ ಬೇಕಾದದ್ದು ತೀರ್ವೆ, ಅಂದ್ರೆ ಜಮೀನಿನ ಕಂದಾಯ, ತೀರ್ವೆ ಕಟ್ಟೂದು ಯಾರು ಅಂತ ಬರೆದಿಡಲೇಬೇಕಿತ್ತು, ಆ ನೆವದಲ್ಲಿ ನಮ್ಮ ಅಜ್ಜಂದಿರ ಹೆಸರು ಉಳೀತು. ಹಂಗಾಗಿ ಪಹಣಿಯಿಂದ ಶುರು ಮಾಡಿ.

ನಿಮ್ಮ ಊರಿನ ಗದ್ದೆಯ ಪಹಣಿ ಆನ್‌ಲೈನ್ ತೆಗೆದ್ರೆ ಕಾಲಂ 9ರಲ್ಲಿ ಮಾಲೀಕರ ಹೆಸರು ಇರ್ತದೆ. ಎಲ್ಲರೂ ಅದನ್ನ ನೋಡಿ ಮುಚ್ಚಿಡ್ತಾರೆ. ನೀವು ಪಕ್ಕದ ಕಾಲಂ 10 ನೋಡಿ, ಈ ಜಮೀನು ಇವರಿಗೆ ಹೇಗೆ ಬಂತು ಅಂತ ಒಂದು ನಂಬರ್ ಇರ್ತದೆ, ಎಂಆರ್ (ಮ್ಯುಟೇಶನ್ ರಿಜಿಸ್ಟರ್, ಅಂದ್ರೆ ಹಕ್ಕು ಬದಲಾದದ್ದು ಬರೆಯೂ ಪುಸ್ತಕ) ನಂಬರೋ ಹಳೇದಾದ್ರೆ ಬರೀ ನಂಬರೋ. ಅದೇ ಬೀಗದಕೈ. ಆ ನಂಬರ್ ಹಿಡಿದು ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಮ್ಯುಟೇಶನ್ ರಿಜಿಸ್ಟರ್ ತೆಗೆಸಿದ್ರೆ ಅಲ್ಲಿ ವಾರಸಾ ನೋಂದು ಸಿಗ್ತದೆ: ಇಂಥವ ಇಂಥ ವರ್ಷ ತೀರಿಕೊಂಡ, ಅವನಿಗೆ ಇಂತಿಂಥ ಗಂಡುಮಕ್ಕಳು, ಇಬ್ಬರು ಪ್ರಾಯದವರು, ಒಬ್ಬ ಅಪ್ರಾಪ್ತ ಇವನ ಪಾಲಕಿ ತಾಯಿ ಇಂಥವಳು. ಒಂದೇ ಪ್ಯಾರಾದಲ್ಲಿ ಒಂದು ತಲೆಮಾರು ಪೂರ್ತಿ. ನೋಂದು 1932ರದ್ದು, ಅದರಲ್ಲಿ ಅಜ್ಜ ಅಪ್ರಾಪ್ತ ಅಂತಿದ್ರೆ ಅವರು 1914ರ ಈಚೆಗೆ ಹುಟ್ಟಿದವರು ಅಂತ ಲೆಕ್ಕ. ಆ ನೋಂದಿನಲ್ಲಿ ಅದರ ಹಿಂದಿನ ನಂಬರ್ ಇರ್ತದೆ, ಅದನ್ನ ಹಿಡಿದು ಇನ್ನೂ ಹಿಂದೆ. ಮುಂಬಯಿ ಪ್ರಾಂತ್ಯದಲ್ಲಿ ಈ ಹಕ್ಕು ದಾಖಲೆ ಕಾಯ್ದೆ ಆದದ್ದು 1903ರಲ್ಲಿ, ಊರೂರಿಗೆ ಬರೂದಕ್ಕೆ ಇನ್ನೂ ಕೆಲವು ವರ್ಷ ಹಿಡೀತು, ಹಾಗಾಗಿ ಆ ಕಾಲದ ತನಕ ಈ ದಾರೀಲಿ ಹೋಗಬಹುದು.

ಇನ್ನೊಂದು ಮಜಾ ಹೇಳ್ತೆ. ಹಳೇ ದಾಖಲೇಲಿ ಪಾಲನ್ನ ಆಣೆ ಪೈ ಲೆಕ್ಕದಲ್ಲಿ ಬರೀತಿದ್ರು, 16 ಆಣೆ ಅಂದ್ರೆ ಪೂರ್ತಿ, ಒಂದು ಆಣೆಗೆ 12 ಪೈ. ನಿಮ್ಮ ಮುತ್ತಜ್ಜನ ಹೆಸರಿನ ಮುಂದೆ 5 ಆಣೆ 4 ಪೈ ಅಂತಿದ್ರೆ ಅದು ಮೂರರಲ್ಲಿ ಒಂದು ಪಾಲು, ಅಂದ್ರೆ ಮೂರು ಜನ ಅಣ್ತಮ್ಮಂದಿರು ಅಥವಾ ಮೂರು ಕವಲು. 4 ಆಣೆ ಇದ್ರೆ ನಾಲ್ಕು. 2 ಆಣೆ 8 ಪೈ ಇದ್ರೆ ಮೂರು ಕವಲಲ್ಲಿ ಒಂದು ಕವಲು ಮತ್ತೆ ಎರಡಾಗಿದೆ. ಬಾಕಿಯವರ ಹೆಸರು ಹುಳ ತಿಂದು ಹೋಗಿದ್ರೂ ಎಷ್ಟು ಜನ ಇದ್ರು ಅಂತ ಈ ಲೆಕ್ಕವೇ ಹೇಳಿಬಿಡ್ತದೆ.

ಅಂಕೋಲಾ ಅಂದ್ರಿ ಅಂತ ಹೇಳೂದು, 1930ರಿಂದ 32ರ ಮಧ್ಯೆ ಜಮೀನು ಸಡನ್ನಾಗಿ ಯಾರೋ ಪರಊರಿನವರ ಹೆಸರಿಗೆ ಹೋಗಿದ್ರೆ ಗಾಬರಿ ಆಗಬೇಡಿ. ಕರನಿರಾಕರಣೆ ಕಾಲ ಅದು. ಅಂಕೋಲಾ, ಸಿದ್ದಾಪುರ ಕಡೆ ತೀರ್ವೆ ಕಟ್ಟೂದಿಲ್ಲ ಅಂದವರ ಜಮೀನು ಜಪ್ತಿ ಮಾಡಿ ಹರಾಜು ಹಾಕಿದ್ರು, ಮುಂದೆ ಕಾಂಗ್ರೆಸ್ ಮಂತ್ರಿಮಂಡಲ ಬಂದ್ಮೇಲೆ ವಾಪಸ್ ಬಂತು.

ಶಿರ್ಸಿ_ಸೊಪ್ಪಿನಬೆಟ್ಟ:
ಹಳೇ ದಫ್ತರದವರು ಹೇಳಿದ್ದು ಸರಿ, ಆದರೆ ಆ ದಾರೀಲಿ ಹೋದ್ರೆ ಬರೀ ಗಂಡಸರ ಸಾಲು ಸಿಗ್ತದೆ ಅಷ್ಟೇ ಅಲ್ದಾ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಿಂತ ಮುಂಚಿನ ವಾರಸಾ ನೋಂದಲ್ಲಿ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರೂದೇ ಇಲ್ಲ. ಅದನ್ನ ನೋಡಿ ಮುತ್ತಜ್ಜನಿಗೆ ಹೆಣ್ಣುಮಕ್ಕಳೇ ಇರಲಿಲ್ಲ ಹೇಳಿ ಮರ ಬರೆದಿಟ್ಟವರನ್ನ ನಾನು ನೋಡಿದ್ದೆ, ಆ ಮನೆಯ ಅಜ್ಜಿಯಂದಿರ ಮಕ್ಕಳು ಮೊಮ್ಮಕ್ಕಳು ನಾಕು ಊರಲ್ಲಿ ತುಂಬಿಕೊಂಡಿದ್ದಾರೆ!

ಹೆಂಗಸರು ದಾಖಲೇಲಿ ಬರೂದು ಗಂಡ ಸತ್ತ ಮೇಲೆ, "ಕೋಂ" ಅಂತ. ಇಂಥವಳು ಕೋಂ ಇಂಥವನು, ಅಂದ್ರೆ ಇಂಥವನ ಹೆಂಡತಿ. ಅದೂ ಮದುವೆ ಆದ್ಮೇಲೆ ಗಂಡನ ಮನೇಲಿ ಇಟ್ಟ ಹೆಸರು, ಕೆಲವು ಜಾತೀಲಿ ತೌರಿನ ಹೆಸರೇ ಬೇರೆ. ಹಾಗಾಗಿ ಅಜ್ಜಿ ಕಡೆ ಹುಡುಕೂಕೆ ಬೇರೆ ದಾರಿ ಬೇಕು. ನಿಮ್ಮ ಮನೇಲಿ ಶ್ರಾದ್ಧ ಮಾಡೂ ಪದ್ಧತಿ ಇದ್ರೆ ಪುರೋಹಿತರ ಹತ್ರ ಕೂತು ಹೆಸರು ಬರಕೊಳ್ಳಿ. ಅಪ್ಪ ಅಜ್ಜ ಮುತ್ತಜ್ಜ, ಅವರ ಹೆಂಡಂದಿರು, ಆಮೇಲೆ ತಾಯಿಯ ಅಪ್ಪ, ಅವರಪ್ಪ, ಅವರಪ್ಪ ಹೇಳಿ ಎರಡೂ ಕಡೆ ಮೂರು ಮೂರು ತಲೆ ಹೇಳಿಸ್ತಾರೆ. ನಿಮ್ಮ ಅಪ್ಪಂಗೆ ಗೊತ್ತಿಲ್ಲ ಅಂದ್ರೆ ಅಪ್ಪನ ದೊಡ್ಡಪ್ಪನ ಮಗ ಯಾರಾದ್ರೂ ಊರಲ್ಲೇ ಉಳಿದವರು ಇದ್ರೆ ಅವರಿಗೆ ಬಾಯಿಪಾಠ ಇರ್ತದೆ. ಮದುವೆ ಕಾಗದ, ಜಾತಕ, ಮುಯ್ಯಿ ಬರೆದ ಪುಸ್ತಕ ಯಾವುದನ್ನೂ ಒಲೆಗೆ ಹಾಕಬೇಡಿ. ಮುಯ್ಯಿ ಪುಸ್ತಕದಲ್ಲಿ ತೌರುಮನೆಯವರ ಹೆಸರು ಊರಿನ ಸಮೇತ ಇರ್ತದೆ, ನನಗೆ ನನ್ನ ಅಜ್ಜಿಯ ಅಣ್ಣಂದಿರ ಹೆಸರು ಸಿಕ್ಕಿದ್ದೇ ಅದರಲ್ಲಿ.

ಶಾಲೆ ದಾಖಲಾತಿ ರಿಜಿಸ್ಟರೂ ನೋಡಿ, ಹಳೇ ಕನ್ನಡ ಶಾಲೆಗಳಲ್ಲಿ ಇನ್ನೂ ಇದೆ. ಅಪ್ಪನ ಹೆಸರು, ಜಾತಿ, ಹುಟ್ಟಿದ ಊರು, ಹಿಂದೆ ಓದಿದ ಶಾಲೆ ಎಲ್ಲ ಇರ್ತದೆ. ಹುಟ್ಟಿದ ತಾರೀಖು ಮಾತ್ರ ನಂಬಬೇಡಿ, ಮಾಸ್ತರು ಶಾಲೆ ಶುರುವಾಗೂ ಹೊತ್ತಿಗೆ ಸರಿಹೊಂದೂ ಹಂಗೆ ಹಾಕಿದ್ದು. ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದ್ದು.

ಅಘನಾಶಿನಿ77:
ನಿಮ್ಮದೆಲ್ಲ ಜಮೀನಿದ್ದವರ ಮಾತು. ನಮ್ಮ ಮನೇಲಿ ಅಪ್ಪನ ಕಾಲದ ತನಕ ಒಂದು ಗುಂಟೆ ಸ್ವಂತ ಇರಲಿಲ್ಲ, ಒಡೆಯರ ಗದ್ದೆ, ಒಡೆಯರ ತೋಟ. ಹಳೇ ಕಾಲಂ 9 ಪೂರ್ತಿ ಅವರದ್ದೇ ಹೆಸರು. ನಮ್ಮಂಥವರ ಅಜ್ಜಂದಿರು ಎಲ್ಲಿ ಬರೀತಾರೆ ಹೇಳಿ? ನಾನು ಒಂದು ಸಲ ತಲೆ ಹಾಕಿ ಬಿಟ್ಟೆ, ಈ ಹವ್ಯಾಸ ಉಳ್ಳವರಿಗೆ ಅಂತ ಅನ್ಸಿತು.

ಹಳೇ_ದಫ್ತರ:
@ಅಘನಾಶಿನಿ77 ಬಿಡಬೇಡಿ, ನಿಮ್ಮಂಥವರಿಗೇ ಒಂದು ಕಡತ ಇದೆ, ಅದು ಒಡೆಯರ ವಾರಸಾ ನೋಂದಿಗಿಂತ ಹೆಚ್ಚು ಮಾತಾಡ್ತದೆ. ಭೂ ಸುಧಾರಣೆ ಕಾಯ್ದೆ ತಿದ್ದುಪಡಿ 1974 ಮಾರ್ಚ್ 1ಕ್ಕೆ ಜಾರಿ ಬಂತಲ್ಲ, ಆಗ ಗೇಣಿದಾರರು ಗೇಣಿ ಜಮೀನು ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ 7 ಅರ್ಜಿ ಹಾಕಿದ್ರು, ಮುಂದೂಡ್ತಾ ಮುಂದೂಡ್ತಾ 1979 ಜೂನ್ 30ರ ತನಕ ಟೈಮ್ ಕೊಟ್ಟಿದ್ರು. ಪ್ರತಿ ಅರ್ಜಿಗೂ ಭೂ ನ್ಯಾಯ ಮಂಡಳಿ ಮುಂದೆ ವಿಚಾರಣೆ. ಆ ಕಡತದಲ್ಲಿ ನಿಮ್ಮ ಅಪ್ಪನೋ ಅಜ್ಜನೋ ಕೊಟ್ಟ ಹೇಳಿಕೆ ಇರ್ತದೆ, ಹೆಬ್ಬೆಟ್ಟು ಸಮೇತ. ಈ ಗದ್ದೆ ನನ್ನ ಅಜ್ಜ ಇಂಥವನ ಕಾಲದಿಂದ ನಾವು ಮಾಡ್ತಾ ಬಂದದ್ದು, ಗೇಣಿ ಇಷ್ಟು ಭತ್ತ ಅಳೀತಿದ್ವಿ, ಅಜ್ಜ ಸತ್ತ ಮೇಲೆ ಅಪ್ಪ ಮತ್ತು ಚಿಕ್ಕಪ್ಪ ಮಾಡಿದ್ರು, ಮೂಡಲ ಗಡಿಗೆ ಇಂಥವರ ಗದ್ದೆ, ಹೀಗೆ. ಪಕ್ಕದ ಗದ್ದೆಯವರ ಸಾಕ್ಷಿ ಬೇರೆ. ಒಡೆಯರು ತಕರಾರು ಮಾಡಿದ್ದ ಕೇಸಾದ್ರೆ ಇನ್ನೂ ಒಳ್ಳೇದು, ಪಾಟೀಸವಾಲು ನಡೆದಿರ್ತದೆ, ಹಳೇ ಗೇಣಿ ರಶೀದಿಗಳನ್ನ ಫೈಲಿಗೆ ಹಾಕಿರ್ತಾರೆ. ಜಗಳ ಆದಲ್ಲೇ ಕಾಗದ ಹುಟ್ಟೂದು.

ಮತ್ತೆ ಪಹಣಿಯ ಕಾಲಂ 12 ನೋಡಿ, ಅದು ಸಾಗುವಳಿ ಮಾಡಿದವರದ್ದು. 74ರ ಹಿಂದಿನ ಕೈಬರಹದ ಪಹಣಿ ತೆಗೆಸಿದ್ರೆ ಅಲ್ಲಿ ವರ್ಷ ವರ್ಷದ್ದೂ ಗೇಣಿದಾರನ ಹೆಸರು ಇರಬಹುದು. ಒಡೆಯರ ಮನೆಯವರ ಜೊತೆ ಮಾತು ಚೆನ್ನಾಗಿದ್ರೆ ಅವರ ಗೇಣಿ ಲೆಕ್ಕದ ಪುಸ್ತಕ ಕೇಳಿ ನೋಡಿ. ಕೆಲವರು ಖುಷಿಯಲ್ಲಿ ತೋರಿಸ್ತಾರೆ, ಕೆಲವರಿಗೆ 74ರ ಸಿಟ್ಟು ಇನ್ನೂ ಇಳಿದಿಲ್ಲ.

ಅಘನಾಶಿನಿ77:
ಫಾರಂ 7 ಹಾಕಿದ್ದು ಅಪ್ಪ ಹೇಳ್ತಿದ್ರು, ಆ ಫೈಲಲ್ಲಿ ಹೇಳಿಕೆ ಇರ್ತದೆ ಅಂತ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಅಣ್ಣಾ, ನೋಡ್ತೆ.

ಗಂಗಾವಳಿ_ದಂಡೆ:
ಇಷ್ಟೆಲ್ಲ ಸಿಗುತ್ತೆ ಅಂತ ಅಂದುಕೊಂಡೇ ಇರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಟ್ರಂಕಿನ ಕಾಗದದ ವಿಷಯ ಕೇಳೋದಿತ್ತು. ಒಂದು, ಕಪ್ಪು ಬಟ್ಟೆ, ವಿಸಿಟಿಂಗ್ ಕಾರ್ಡ್ ಫೋಲ್ಡರ್ ಥರ ಮಡಿಕೆ ಮಡಿಕೆ ಆಗಿ ಬಿಚ್ಚುತ್ತೆ, ಒಳಗೆ ಬಿಳಿ ಅಕ್ಷರ, ಧೂಳು ಹಿಡಿದು ಓದೋಕೆ ಬರ್ತಿಲ್ಲ, ಒರೆಸಬೇಕು ಅಂತಿದ್ದೆ. ಎರಡನೇದು ಒಂದು ಹರಿದ ಕಾಗದ, "ಫಸಲಿ 1260" ಅಂತ ಇದೆ. ಮೂರನೇದು ಛಾಪಾ ಕಾಗದ, ತಾರೀಖು ಇಂಗ್ಲಿಷ್ ಲೆಕ್ಕದಲ್ಲಿ ಇಲ್ಲ, "ಪ್ರಮೋದೂತ ಸಂವತ್ಸರ" ಅಂತಿದೆ, ತಿಥಿ ಇದೆ, ಶಕ ವರ್ಷ ಇರೋ ಜಾಗ ಹರಿದಿದೆ. ಇವು ಯಾವ ಕಾಲದವು?

ಕಡತ_ಪ್ರಿಯ:
ಒರೆಸಬೇಡಿ!! ದಯವಿಟ್ಟು ಒರೆಸಬೇಡಿ. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಹಲಗೆ ಥರ ಗಟ್ಟಿ ಮಾಡಿ ಅದರ ಮೇಲೆ ಬಳಪದಲ್ಲಿ ಬರೀತಿದ್ರು. ಬರೆದದ್ದು ಬೇಡ ಆದ್ರೆ ಒದ್ದೆ ಬಟ್ಟೇಲಿ ಒರೆಸಿ ಮತ್ತೆ ಬರೀಬಹುದು, ಅದಕ್ಕೇ ಅಂಗಡಿ ಲೆಕ್ಕದವರಿಗೆ ಅದು ಇಷ್ಟ. ನೀವು ಈಗ ಒರೆಸಿದ್ರೆ ಮುತ್ತಜ್ಜನ ಲೆಕ್ಕ ಚುಕ್ತಾ. ಒಣಗಿದ ಮೆತ್ತನೆ ಬ್ರಶ್ಶಲ್ಲಿ ಧೂಳು ಹಾರಿಸಿ, ಕಿಟಕಿ ಹತ್ರ ಒಂದು ಬದಿಯಿಂದ ಬೆಳಕು ಬೀಳೂ ಹಂಗೆ ಇಟ್ಟು ಪ್ರತಿ ಮಡಿಕೆಯ ಫೋಟೊ ಬೇರೆ ಬೇರೆ ತೆಗೀರಿ, ಫೋನಲ್ಲಿ ಕಾಂಟ್ರಾಸ್ಟ್ ಏರಿಸಿದ್ರೆ ಅಕ್ಷರ ಎದ್ದು ಬರ್ತದೆ. ಓದೂಕೆ ಆಗದಿದ್ರೆ ಸಾಗರದ ಹತ್ರ ಕೆಳದಿ ಮ್ಯೂಸಿಯಂ ಇದೆ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ನಿಮಗೆ ಹುಬ್ಬಳ್ಳಿಯಿಂದ ಧಾರವಾಡ ಬಾಗಿಲಲ್ಲೇ ಇದೆ. ಹಳೇ ಬರಹ ಓದೂ ಅಭ್ಯಾಸ ಇದ್ದವರು ಅಲ್ಲಿ ಯಾರಾದ್ರೂ ಸಿಗಬಹುದು, ಫೋಟೊ ಹಿಡಕೊಂಡು ಹೋಗಿ.

ಫಸಲಿ ಅಂದ್ರೆ ಹಳೇ ಕಂದಾಯ ವರ್ಷದ ಲೆಕ್ಕ, ಅದಕ್ಕೆ 590 ಕೂಡಿಸಿ. 1260 ಅಂದ್ರೆ 1850-51, ಜುಲೈಯಿಂದ ಜುಲೈ. ಇದು ಬಹಳ ಒಳ್ಳೆ ಕಾಗದ ನಿಮ್ಮದು. ಯಾಕಂದ್ರೆ ಆಗ ನಮ್ಮ ಜಿಲ್ಲೆ ಮುಂಬಯಿಗೆ ಸೇರಿರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದ್ರೆ ನಮ್ಮ ಕರಾವಳಿ ಸೀಮೆ, ಪೂರ್ತಿ ಮದ್ರಾಸಿನ ಕೈಲಿತ್ತು, ಮನ್ರೋ ಸಾಹೇಬ ಮೊದಲ ಕಲೆಕ್ಟರ್. ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು 1862ರಲ್ಲಿ, ಕಾರವಾರ ಜಿಲ್ಲಾ ಕೇಂದ್ರ ಆದದ್ದೂ ಆವಾಗ್ಲೇ. ಹಾಗಾಗಿ 1862ಕ್ಕಿಂತ ಹಿಂದಿನ ಸರ್ಕಾರಿ ದಾಖಲೆ ಚೆನ್ನೈನ ತಮಿಳುನಾಡು ಆರ್ಕೈವ್ಸಲ್ಲಿ, ಆಮೇಲಿಂದು 1956ರ ತನಕ ಮುಂಬಯಿಯ ಮಹಾರಾಷ್ಟ್ರ ಆರ್ಕೈವ್ಸಲ್ಲಿ. ಇದನ್ನ ಕೇಳಿ ನಾಳೆನೇ ಚೆನ್ನೈಗೆ ಟಿಕೆಟ್ ಮಾಡಬೇಡಿ. ಅಲ್ಲಿರೂದು ಕಲೆಕ್ಟರು ರೆವಿನ್ಯೂ ಬೋರ್ಡಿಗೆ ಬರೆದ ಪತ್ರ, ತಕರಾರು, ಬರಗಾಲದ ವರದಿ. ಊರು, ಸೀಮೆ ತಿಳೀತದೆ, ನಿಮ್ಮ ಮನೆ ಹೆಸರು ಬರಬೇಕಾದ್ರೆ ನಿಮ್ಮಜ್ಜ ಒಂದೋ ದೊಡ್ಡ ಕುಳ ಆಗಿರಬೇಕು ಇಲ್ಲ ದೊಡ್ಡ ಗಲಾಟೆ ಮಾಡಿರಬೇಕು. ಊರಿನ ಹಿನ್ನೆಲೆಗೆ 1883ರ ಬಾಂಬೆ ಗೆಜೆಟಿಯರ್ ಕೆನರಾ ಸಂಪುಟ ಆನ್‌ಲೈನ್ ಪುಕ್ಕಟೆ ಸಿಗ್ತದೆ, ಅದು ಓದಿ.

ಪ್ರಮೋದೂತ 60 ವರ್ಷಕ್ಕೊಮ್ಮೆ ಬರೂದು. 1930-31, ಅದರ ಹಿಂದಿಂದು 1870-71, ಯುಗಾದಿಯಿಂದ ಯುಗಾದಿಗೆ. ಎರಡರಲ್ಲಿ ಯಾವುದು ಅಂತ ಛಾಪಾ ಕಾಗದದ ಮುದ್ರೆ ನೋಡಿ ಹೇಳಬಹುದು, ರಾಣಿ ತಲೆ ಇದ್ಯಾ ರಾಜನ ತಲೆ ಇದ್ಯಾ?

ಗಂಗಾವಳಿ_ದಂಡೆ:
ಈಗಷ್ಟೇ ನೋಡಿದೆ, ಗಡ್ಡ ಇರೋ ರಾಜ!

ಕಡತ_ಪ್ರಿಯ:
ಹಂಗಾದ್ರೆ ಐದನೇ ಜಾರ್ಜ್, 1930-31. ಕರನಿರಾಕರಣೆ ಟೈಮೇ. ಅಡವು ಪತ್ರವೋ ಪಾಲುಪತ್ರವೋ ನೋಡಿ. ನೋಂದಾಯಿಸಿದ್ದಾದ್ರೆ ಹಿಂದುಗಡೆ ಸಬ್‌ರಿಜಿಸ್ಟ್ರಾರ್ ಶಿಕ್ಕಾ, ಪುಸ್ತಕದ ನಂಬರ್, ಪುಟ ಇರ್ತದೆ, ಅದರ ಮೇಲೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಪೂರ್ತಿ ನಕಲು ಕೇಳಬಹುದು, ಹರಿದ ಭಾಗವೂ ಸಿಗ್ತದೆ.

ಕಾಳಿ_ಬಾಯಿ:
ನಾನು ಕಾರವಾರದವ. ನಿಮ್ಮ ದೊಡ್ಡಪ್ಪ ಹೇಳಿದ ಗೋವಾ ಕಥೆ ಬಗ್ಗೆ ಒಂದು ಮಾತು. ನಮ್ಮ ಕಡೆ ಕೊಂಕಣಿ ಮಾತಾಡೂ ಸುಮಾರು ಮನೆತನಕ್ಕೆ ಅದು ನಿಜವೂ ಹೌದು, ಆದರೆ ಕಥೆ ಇದ್ದ ಮಾತ್ರಕ್ಕೆ ಎಲ್ಲರಿಗೂ ನಿಜ ಅಲ್ಲ. ಒಂದು ಪರೀಕ್ಷೆ: ನಿಮ್ಮ ಕುಲದೇವರು ಯಾವುದು? ಮಂಗೇಶಿ, ಕವಳೆಯ ಶಾಂತಾದುರ್ಗಾ, ಮಾರ್ದೋಳದ ಮ್ಹಾಳಸಾ ಇಂಥದ್ದಾದ್ರೆ ಗೋವಾ ಸಂಬಂಧ ಗಟ್ಟಿ, ದೇವಸ್ಥಾನದಲ್ಲಿ ಕುಳಾವಿಗಳ (ಆ ದೇವರಿಗೆ ನಡಕೊಳ್ಳೂ ಮನೆತನದವರ) ಪಟ್ಟಿ ಇದ್ಯಾ ಕೇಳಿ. ಪಣಜಿಯ ಆರ್ಕೈವ್ಸ್ 1595ರಲ್ಲಿ ಶುರುವಾದದ್ದು, ಅಲ್ಲಿ ಶಿರ್ಸಿ ಹತ್ರದ ಸೋದೆ ಅರಸರಿಗೆ ಸಂಬಂಧಪಟ್ಟ ಪತ್ರಗಳೂ ಇವೆ, ಯಾಕಂದ್ರೆ ಹೈದರ್ ಬಂದಾಗ ಸೋದೆ ಅರಸ ಗೋವಾಕ್ಕೆ ಓಡಿಹೋಗಿ ಅಲ್ಲೇ ಉಳಿದ. ಆದರೆ ಪೋರ್ಚುಗೀಸ್ ಬರಬೇಕು, ಇಲ್ಲಾಂದ್ರೆ ಬೋರ್ಡ್ ಓದಿ ವಾಪಸ್ ಬರೂದೇ. ಕ್ರಿಶ್ಚಿಯನ್ ಮನೆಯವರಿಗೆ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ ಇದೆ, ಅದರಷ್ಟು ಚೊಕ್ಕ ದಾಖಲೆ ಬೇರೆ ಯಾರಿಗೂ ಇಲ್ಲ, ಅಪ್ಪ ಅಮ್ಮ ಅಜ್ಜ ಅಜ್ಜಿ ಗಾಡ್‌ಫಾದರ್ ಎಲ್ಲ ಒಂದೇ ಸಾಲಲ್ಲಿ.

ನಿಮ್ಮ ಕುಲದೇವರು ಅಂಕೋಲಾದಲ್ಲೋ ಗೋಕರ್ಣದಲ್ಲೋ ಇದ್ರೆ ದೊಡ್ಡಪ್ಪನ ಕಥೆಯನ್ನ ಸದ್ಯ ಕಪಾಟಲ್ಲಿ ಇಡಿ. ಅತ್ತೆಯ ವಿಜಯನಗರವನ್ನೂ. 1565ಕ್ಕೂ ನಿಮ್ಮ ಫಸಲಿ ಕಾಗದಕ್ಕೂ ಮಧ್ಯೆ ಸುಮಾರು ಮುನ್ನೂರು ವರ್ಷ ಖಾಲಿ ಇದೆ, ಅದನ್ನ ತುಂಬೂದು ಯಾರಿಂದಲೂ ಆಗೂದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಫೈಲ್ ಇದೆ, ಸೀಬರ್ಡ್ ಭೂಸ್ವಾಧೀನದ್ದು. ಕಾರವಾರ ಅಂಕೋಲಾದ ಕಡಲತೀರದ ಊರುಗಳು ನೌಕಾನೆಲೆಗೆ ಹೋದ್ವಲ್ಲ, ಪರಿಹಾರಕ್ಕೆ ಅಂತ ಮನೆಮನೆಯವರೂ ವಂಶವೃಕ್ಷ ಬರೆದು ಕೊಟ್ಟಿದ್ದಾರೆ, ಯಾರು ಬಿಟ್ಟುಹೋದ್ರು ಅಂತ ಕೋರ್ಟಿಗೂ ಹೋಗಿದ್ದಾರೆ. ನಿಮ್ಮ ದಾಯಾದಿಗಳು ಯಾರಾದ್ರೂ ಆ ಊರಲ್ಲಿ ಇದ್ರಾ ವಿಚಾರಿಸಿ, ಅವರ ಮನೆ ಕಪಾಟಲ್ಲಿ ನಕಲು ಇದ್ದೇ ಇರ್ತದೆ. ಈಗ ನಾಡಕಚೇರೀಲಿ ಕೊಡೂ ವಂಶವೃಕ್ಷ ಮಾತ್ರ ಪುರಾವೆ ಅಂತ ತಿಳೀಬೇಡಿ, ಅದು ನೀವೇ ಬರೆದುಕೊಟ್ಟ ಅಫಿಡವಿಟ್ ಮೇಲೆ ಆಗೂದು.

ಶಿರ್ಸಿ_ಸೊಪ್ಪಿನಬೆಟ್ಟ:
ಹೆಸರಿನ ವಿಷಯ ಹೇಳೂದು ಬಿಟ್ಟಿದ್ದೆ. ನಮ್ಮ ಜಿಲ್ಲೇಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡೂ ರೂಢಿ ಇದ್ದ ಮನೆಗಳಲ್ಲಿ ಗಣಪತಿ ಸುಬ್ರಾಯ, ಸುಬ್ರಾಯ ಗಣಪತಿ, ಮತ್ತೆ ಗಣಪತಿ ಸುಬ್ರಾಯ ಹೀಗೇ ನೂರು ವರ್ಷ ನಡೀತದೆ. 1905ರ ಗಣಪತಿ ಸುಬ್ರಾಯನೂ 1960ರ ಗಣಪತಿ ಸುಬ್ರಾಯನೂ ಒಬ್ಬನೇ ಅಂದ್ಕೊಂಡ್ರೆ ಎರಡು ತಲೆಮಾರು ಮಾಯ. ಪ್ರತಿ ಹೆಸರಿನ ಪಕ್ಕ ಯಾವ ವರ್ಷದ ಯಾವ ಕಾಗದದಲ್ಲಿ ಸಿಕ್ತು ಹೇಳಿ ಬರೆದಿಡಿ, ಒಂದು ಎರಡುನೂರು ಪೇಜಿನ ನೋಟ್‌ಬುಕ್ ಸಾಕು.

ಗಂಗಾವಳಿ_ದಂಡೆ:
ಕುಲದೇವರು ಅಂಕೋಲಾದಲ್ಲೇ ಇರೋದು, ದೊಡ್ಡಪ್ಪಂಗೆ ಹೇಗೆ ಹೇಳೋದು ಅಂತ ಯೋಚನೆ ಈಗ 😄 ಕೊನೇ ಪ್ರಶ್ನೆ, ಗದ್ದೆಯ ಸರ್ವೆ ನಂಬರೇ ನಮ್ಮ ಯಾರ ಹತ್ರನೂ ಇಲ್ಲ. ಅದಿಲ್ಲದೇ ರೆಕಾರ್ಡ್ ರೂಮಿಗೆ ಹೋದ್ರೆ ಕೊಡ್ತಾರಾ?

ಹಳೇ_ದಫ್ತರ:
ಕೊಡೂದಿಲ್ಲ, ಹೆಸರು ಹೇಳಿ ಹುಡುಕಿಕೊಡಿ ಅಂದ್ರೆ ಯಾವ ಗುಮಾಸ್ತನೂ ಎದ್ದು ನಿಲ್ಲೂದಿಲ್ಲ, ಊರು, ಹೋಬಳಿ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಒಳಗಿನ ತುಂಡು) ಬರೆದು ನಕಲು ಅರ್ಜಿ ಕೊಡಬೇಕು. ಸುಲಭ ಇದೆ. ಊರಿಗೆ ಹೋಗಿ ವಯಸ್ಸಾದವರು ಯಾರಾದ್ರೂ ಇದು ನಿಮ್ಮಜ್ಜನ ಗದ್ದೆ ಅಂತ ತೋರಿಸಿದ್ರೆ ಅಲ್ಲೇ ನಿಂತು ಫೋನಲ್ಲಿ ದಿಶಾಂಕ್ ಆ್ಯಪ್ ತೆಗೀರಿ, ಸರ್ಕಾರದ್ದೇ, ಪುಕ್ಕಟೆ, ನಿಂತ ಜಾಗದ ಸರ್ವೆ ನಂಬರ್ ತೋರಿಸ್ತದೆ. ಹಿಸ್ಸಾ ಗೊತ್ತಾಗದಿದ್ರೆ ಆ ನಂಬರಿನ ಎಲ್ಲಾ ಹಿಸ್ಸಾದ ಪಹಣಿ ಒಂದೊಂದಾಗಿ ತೆಗೆದು ನೋಡಿ, ನಿಮ್ಮ ಅಡ್ಡಹೆಸರಿನವರು ಯಾರಾದ್ರೂ ಸಿಕ್ಕೇ ಸಿಗ್ತಾರೆ. ಮಳೆಗಾಲ ಮುಗಿದ ಮೇಲೆ ಹೋಗಿ, ಈಗ ಗದ್ದೇಲಿ ಮೊಣಕಾಲುದ್ದ ನೀರು.